ವೇಪ್ ಚಟ: ಬರೀ ಸಹವಾಸ ದೋಷವೇ?

ಕಾಲೇಜು ಹುಡುಗರು ಯಾವ ಚಟಕ್ಕೆ ಬಿದ್ದರೂ ನಮ್ಮ ಬಾಯಿಗೆ ಮೊದಲು ಬರುವ ಮಾತು ಸಹವಾಸ ದೋಷ. ವೇಪಿಂಗ್, ಅಂದರೆ ಇ-ಸಿಗರೇಟ್ ಸೇದುವುದರ ಮಟ್ಟಿಗೆ ಅದು ಅರ್ಧ ಸತ್ಯ. ಅಮೆರಿಕದ 'ಮಾನಿಟರಿಂಗ್ ದ ಫ್ಯೂಚರ್' ಸಮೀಕ್ಷೆಯಲ್ಲಿ, ಹಿಂದಿನ 30 ದಿನಗಳಲ್ಲಿ ನಿಕೋಟಿನ್ ವೇಪ್ ಸೇದಿದ್ದ ಕಾಲೇಜು ವಿದ್ಯಾರ್ಥಿಗಳು 2017ರಲ್ಲಿ ಸುಮಾರು ಶೇ 6. 2019ರಲ್ಲಿ ಶೇ 22. ಎರಡೇ ವರ್ಷಗಳಲ್ಲಿ ಗೆಳೆತನದ ಸ್ವಭಾವ ಇಷ್ಟೊಂದು ಕೆಡಲಾರದು. ಬದಲಾದದ್ದು ಕೈಗೆ ಸಿಕ್ಕ ವಸ್ತು. 2015ರಲ್ಲಿ ಬಂದ ಜೂಲ್ ಎಂಬ ವೇಪ್ ನೋಡಲು ಪೆನ್‌ಡ್ರೈವ್‌ನಂತಿತ್ತು. ಸಾಮಾನ್ಯ ರೂಪದ ನಿಕೋಟಿನ್‌ನ ಪ್ರಮಾಣ ಹೆಚ್ಚಾದರೆ ಗಂಟಲು ಉರಿಯುತ್ತದೆ. ಹೊಸಬರನ್ನು ಕೆಮ್ಮಿಸಿ ದೂರ ಇಡುತ್ತಿದ್ದದ್ದು ಆ ಘಾಟೇ. ಜೂಲ್ ತಯಾರಕರು ಬೆಂಜೊಯಿಕ್ ಆಮ್ಲ ಬೆರೆಸಿ ನಿಕೋಟಿನ್ನನ್ನು ಲವಣವಾಗಿಸಿದರು. ಘಾಟು ತಗ್ಗಿತು, ಮಿಲಿಲೀಟರಿಗೆ 59 ಮಿಲಿಗ್ರಾಂನಷ್ಟು ನಿಕೋಟಿನ್ ಸಲೀಸಾಗಿ ಒಳಗೆ ಇಳಿಯಿತು. ಬಟ್ಟೆಗೆ ಸಿಗರೇಟಿನ ವಾಸನೆ ಹಿಡಿಯದು, ಬೂದಿ ಉದುರದು, ಹಾಸ್ಟೆಲ್ ಕೋಣೆಯೊಳಗೇ ಸೇದಿದರೂ ವಾರ್ಡನ್‌ಗೆ ಸುಳಿವು ಸಿಗದು. ಒಬ್ಬನ ಬಳಿ ಇದ್ದರೆ ಸಾಕು, ಕೈಯಿಂದ ಕೈಗೆ ದಾಟುತ್ತದೆ. ಸಹವಾಸಕ್ಕೆ ಬಲ ಬರುವುದು ಇಂಥಲ್ಲಿ.

ಸೇದುವವರು ಸೇದುವವರನ್ನೇ ಹುಡುಕಿಕೊಂಡು ಹೋಗುತ್ತಾರೆ, ಅದಕ್ಕೆ ಗೆಳೆಯರನ್ನು ಏಕೆ ದೂರಬೇಕು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದನ್ನು ಬಿಡಿಸಲು ಸಂಶೋಧಕರಿಗೆ ಒದಗಿದ್ದು ಲಾಟರಿಯಂತೆ ಕೋಣೆ ಹಂಚುವ ವಿಶ್ವವಿದ್ಯಾಲಯಗಳು; ಅಲ್ಲಿ ಜೊತೆಗಾರನನ್ನು ಯಾರೂ ಆರಿಸಿಕೊಳ್ಳುವಂತಿಲ್ಲ. ಅಂಥ ಒಂದು ಕಡೆ, ಮೊದಲೇ ಕುಡಿತದ ರೂಢಿಯಿದ್ದವನೊಂದಿಗೆ ಕೋಣೆ ಹಂಚಿಕೊಂಡ ಹುಡುಗರ ಅಂಕಗಳು ಕುಸಿದದ್ದನ್ನು ಮೈಕೆಲ್ ಕ್ರೆಮರ್ ಮತ್ತು ಡಾನ್ ಲೆವಿ 2008ರಲ್ಲಿ ತೋರಿಸಿದರು. ಆದರೆ ಇದೇ ಬಗೆಯ ಮುಂದಿನ ಒಂದು ಅಧ್ಯಯನದಲ್ಲಿ ಅತಿ ಕುಡಿತ ಅಂಟಿತು, ಸಿಗರೇಟ್ ಅಷ್ಟಾಗಿ ಅಂಟಲಿಲ್ಲ. ಹಾಗಾದರೆ ಸಹವಾಸವೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಕೋಣೆಯಲ್ಲಿ ಸೇದಲಾಗದ, ನಾರುವ, ಮರ್ಯಾದೆ ಕಳೆದುಕೊಂಡ ಸಿಗರೇಟಿಗೆ ಇದ್ದ ತಡೆಗಳು ವೇಪ್‌ಗೆ ಇರಲಿಲ್ಲ ಎಂಬುದು ನನ್ನ ಊಹೆ.

ಸಿಗರೇಟ್ ಬಿಡಲು ವೇಪ್ ನೆರವಾಗುತ್ತದೆ ಎಂಬ ವಾದಕ್ಕೆ ಪುರಾವೆ ಇದೆ, ಅಲ್ಲಗಳೆಯಬೇಕಿಲ್ಲ. ಆದರೆ ಸಿಗರೇಟ್ ಮುಟ್ಟಿಯೇ ಇರದ ಹತ್ತೊಂಬತ್ತರ ಹುಡುಗಿ ಬಿಡುವುದಾದರೂ ಏನನ್ನು? ನಿಷೇಧಿಸಿದರೆ ಮುಗಿಯಿತಲ್ಲ ಎನ್ನುವವರಿಗೂ ಉತ್ತರ ಸುಲಭವಲ್ಲ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ಮಾರಾಟ ನಿಷೇಧಿಸಿತು, ಕೇಂದ್ರದ ಕಾನೂನು ಬಂದದ್ದು 2019ರಲ್ಲಿ. ಕಳ್ಳಮಾರ್ಗದ ಸರಕು ಸಿಕ್ಕಿಬೀಳುವುದು ನಿಂತಿಲ್ಲ. ಅಮೆರಿಕ 2020ರಲ್ಲಿ ವೇಪ್‌ಗೆ ಸಿಕ್ಕಿಸುವ ಹಣ್ಣು, ಪುದೀನ ರುಚಿಯ ಪಾಡ್‌ಗಳನ್ನು ತಡೆದಾಗ, ಸೇದಿ ಬಿಸಾಡುವ ವೇಪ್‌ಗಳನ್ನು ಆ ಕ್ರಮದಿಂದ ಹೊರಗಿಟ್ಟಿತು. ಆ ಕಂಡಿಯಲ್ಲೇ ಪಫ್ ಬಾರ್ ಎಂಬ ಬಿಸಾಡುವ ವೇಪ್ ನುಗ್ಗಿತು, ಅವೇ ರುಚಿಗಳಲ್ಲಿ.