ಕಾರ್ಡ್ ಬಾಕಿ ಬೆಳೆಯುತ್ತಿರುವಾಗ ಎಫ್‌ಡಿ ಮುರಿಯಬಾರದೇ?

ಬ್ಯಾಂಕಿನಲ್ಲಿ ಒಂದು ಲಕ್ಷ ರೂಪಾಯಿಯ ಎಫ್‌ಡಿ ಇದೆ, ಕ್ರೆಡಿಟ್ ಕಾರ್ಡಿನಲ್ಲಿ ಅಷ್ಟೇ ಬಾಕಿಯೂ ಇದೆ. ಹೀಗಿರುವ ಮನೆಗಳಲ್ಲಿ ಸಾಮಾನ್ಯವಾಗಿ ಕೇಳುವ ಮಾತು, ‘ಅದು ಕಷ್ಟಕಾಲಕ್ಕೆ ಇಟ್ಟ ದುಡ್ಡು, ಮುಟ್ಟುವುದು ಬೇಡ, ಕಾರ್ಡಿನದನ್ನು ಸಂಬಳದಲ್ಲಿ ಸ್ವಲ್ಪಸ್ವಲ್ಪವಾಗಿ ತೀರಿಸೋಣ’ ಎಂಬುದು. ಕೂಡಿಟ್ಟದ್ದನ್ನು ಮುಟ್ಟದಿರುವ ಶಿಸ್ತು ಒಳ್ಳೆಯದೇ. ಆದರೆ ಕಾರ್ಡಿನ ಬಾಕಿ ಉಳಿದಿರುವಾಗ ಅದೇ ಶಿಸ್ತು ಕೂಡಿಟ್ಟದ್ದನ್ನು ಕರಗಿಸುತ್ತದೆ. ನಮ್ಮಲ್ಲಿ ಹಲವು ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇ 3ರಿಂದ 3.75ರವರೆಗೆ ಇರುತ್ತದೆ. ಶೇ 3.5 ಎಂದೇ ಇಟ್ಟುಕೊಳ್ಳೋಣ. ಲಕ್ಷಕ್ಕೆ ತಿಂಗಳ ಬಡ್ಡಿ 3,500 ರೂಪಾಯಿ, ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ 630, ಒಟ್ಟು 4,130. ಶೇ 7ರ ಎಫ್‌ಡಿಯಿಂದ ತಿಂಗಳಿಗೆ ಬರುವುದು ಸುಮಾರು 583 ರೂಪಾಯಿ, ಅದೂ ತೆರಿಗೆಗೆ ಒಳಪಡುವ ಆದಾಯ. ಎಫ್‌ಡಿ ಹಾಗೇ ಇಟ್ಟುಕೊಂಡವರು ಶೇ 42ರ ಬಡ್ಡಿಗೆ ಸಾಲ ತಂದು ಶೇ 7ಕ್ಕೆ ಠೇವಣಿ ಇಟ್ಟ ಹಾಗಾಯಿತು. ಅವಧಿಗೆ ಮುಂಚೆ ಮುರಿದರೆ ನಷ್ಟವಲ್ಲವೇ ಎಂದು ಕೇಳುವವರಿದ್ದಾರೆ. ಬ್ಯಾಂಕುಗಳು ಸಾಮಾನ್ಯವಾಗಿ ಬಡ್ಡಿದರದಲ್ಲಿ ಅರ್ಧದಿಂದ ಒಂದು ಪರ್ಸೆಂಟ್ ಕಡಿತ ಮಾಡುತ್ತವೆ. ಒಂದು ವರ್ಷ ಓಡಿದ ಲಕ್ಷದ ಠೇವಣಿಗೆ ಅದು ಹೆಚ್ಚೆಂದರೆ ಸಾವಿರ ರೂಪಾಯಿ. ಕಾರ್ಡು ಅಷ್ಟನ್ನು ಎಂಟೇ ದಿನದಲ್ಲಿ ನುಂಗುತ್ತದೆ.

‘ಮಿನಿಮಮ್ ಡ್ಯೂ ಕಟ್ಟುತ್ತಿದ್ದೇನಲ್ಲ’ ಎಂಬ ಸಮಾಧಾನ ಇನ್ನೂ ಅಪಾಯದ್ದು. ಇದೇ ಲಕ್ಷದ ಬಾಕಿಗೆ 5,000 ಕಟ್ಟಿದರೆ 4,130 ಬಡ್ಡಿಗೂ ತೆರಿಗೆಗೂ ಹೋಗಿ, ಅಸಲಿನಲ್ಲಿ ಇಳಿಯುವುದು 870 ರೂಪಾಯಿ. ಜೊತೆಗೆ, ಹಳೆಯ ಬಾಕಿ ಇರುವಷ್ಟು ಕಾಲ ಹೊಸ ಖರೀದಿಗೆ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಇವತ್ತು ಕಾರ್ಡ್ ಉಜ್ಜಿ ತಂದ ದಿನಸಿಗೂ ಇವತ್ತಿನಿಂದಲೇ ಬಡ್ಡಿ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಹೋದರೆ ಸಾಲ ವರ್ಷಗಟ್ಟಲೆ ಎಳೆಯಬಹುದೆಂದು ಬಿಲ್ಲಿನಲ್ಲೇ ಎಚ್ಚರಿಸಬೇಕು ಎಂದು ರಿಸರ್ವ್ ಬ್ಯಾಂಕ್ 2022ರ ನಿರ್ದೇಶನದಲ್ಲಿ ಹೇಳಿದ್ದು ಇದಕ್ಕೇ. ಕಾರ್ಡಿನ ಬಡ್ಡಿಗೆ ವರ್ಷಕ್ಕೆ ಶೇ 30ರ ಮಿತಿ ಇದೆ ಎಂದು ನಂಬಿದವರೂ ಇದ್ದಾರೆ. ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿತು.

ಹಾಗಾದರೆ ನಾಳೆ ಕೆಲಸ ಹೋದರೆ, ಆಸ್ಪತ್ರೆ ಖರ್ಚು ಬಂದರೆ? ಈ ಆಕ್ಷೇಪಣೆಯಲ್ಲಿ ಹುರುಳಿದೆ. ಸಾಲ ತೀರಿಸಿದ ಮೇಲೆ ಕಾರ್ಡಿನ ಮಿತಿ ಮತ್ತೆ ತೆರೆದುಕೊಳ್ಳುತ್ತದೆ ಎಂದು ಪೂರ್ತಿ ಅದನ್ನೇ ನೆಚ್ಚಬಾರದು, ಬ್ಯಾಂಕ್ ಆ ಮಿತಿಯನ್ನು ಇಳಿಸಬಹುದು. ಒಂದೆರಡು ತಿಂಗಳ ಮನೆಖರ್ಚನ್ನೂ, ಹತ್ತಿರದಲ್ಲೇ ಕಟ್ಟಬೇಕಾದ ಶಾಲೆಯ ಫೀಸನ್ನೂ ತೆಗೆದಿಟ್ಟು ಉಳಿದದ್ದನ್ನು ಕಾರ್ಡಿಗೆ ಕಟ್ಟುವುದು ಸರಿ. ಬಡ್ಡಿಗೆ ಹೋಗುತ್ತಿದ್ದ ನಾಲ್ಕು ಸಾವಿರ ಪ್ರತಿ ತಿಂಗಳೂ ಉಳಿದು, ಖಾಲಿಯಾದ ಆಪದ್ಧನವನ್ನು ತುಂಬುತ್ತದೆ. ತೆರಿಗೆ ಉಳಿತಾಯದ ಐದು ವರ್ಷದ ಠೇವಣಿಯನ್ನು ನಡುವೆ ಮುರಿಯಲಾಗದು, ಅದು ಬೇರೆ ಮಾತು. ಸಾಧಾರಣ ಎಫ್‌ಡಿ ಇನ್ನೇನು ಕೆಲವೇ ವಾರಗಳಲ್ಲಿ ಮುಗಿಯುವಂತಿದ್ದರೆ ಅದರ ಮೇಲೆ ಓವರ್‌ಡ್ರಾಫ್ಟ್ ಕೇಳಬಹುದು. ಠೇವಣಿಯ ದರಕ್ಕಿಂತ ಸಾಮಾನ್ಯವಾಗಿ ಒಂದೆರಡು ಪರ್ಸೆಂಟ್ ಹೆಚ್ಚು, ಅಷ್ಟೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಇನ್ನೊಂದಿದೆ: ಎಫ್‌ಡಿ ಮುರಿದು ಸಾಲ ತೀರಿಸಿದವರು ಆರು ತಿಂಗಳಲ್ಲಿ ಮತ್ತೆ ಅಷ್ಟೇ ಬಾಕಿ ಮಾಡಿಕೊಂಡರೆ, ಉಳಿತಾಯವೂ ಇಲ್ಲ, ಸಾಲವೂ ಹೋಗಲಿಲ್ಲ ಎಂಬಂತಾಗುತ್ತದೆ. ಅದು ನಿಜ. ಆದರೆ ಅದಕ್ಕೆ ಹೆದರಿ ಎಫ್‌ಡಿ ಹಾಗೇ ಇಟ್ಟರೆ ಖರ್ಚೇನೂ ಕಡಿಮೆಯಾಗುವುದಿಲ್ಲ, ಬಡ್ಡಿ ಮಾತ್ರ ಏರುತ್ತದೆ. ಸಂಬಳಕ್ಕಿಂತ ಖರ್ಚು ಹೆಚ್ಚಾಗಿ ಬಾಕಿ ಬಂದಿದ್ದರೆ, ದುಡ್ಡು ಕಟ್ಟುವ ದಿನವೇ ಬ್ಯಾಂಕಿನ ಆ್ಯಪಿನಲ್ಲಿ ಆನ್‌ಲೈನ್ ವಹಿವಾಟನ್ನು ಆಫ್ ಮಾಡಿ ಮಿತಿಯನ್ನೂ ತಗ್ಗಿಸಬೇಕು. ಪೂರ್ತಿ ಕಟ್ಟಿದ ಮರುತಿಂಗಳೂ ಬಿಲ್ಲಿನಲ್ಲಿ ಸಣ್ಣದೊಂದು ಮೊತ್ತ ಕಾಣಿಸಿಕೊಂಡರೆ ಗಾಬರಿಯಾಗಬೇಕಿಲ್ಲ. ಅದು ಹಿಂದಿನ ಬಿಲ್ ತಯಾರಾದ ದಿನದಿಂದ ಹಣ ಕಟ್ಟಿದ ದಿನದವರೆಗಿನ ಬಡ್ಡಿ. ಅದನ್ನೂ ಕಟ್ಟಿದ ಮೇಲೆಯೇ ಬಾಕಿ ಸೊನ್ನೆಯಾಗುವುದು.