ಅಂಗನವಾಡಿಯ ಆಟದಲ್ಲಿ ಕಸದ ಪಾಠ

ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಬಾಗಲಕೋಟೆ ಜಿಲ್ಲೆಯ ಊರುಗಳಲ್ಲಿ ಮಕ್ಕಳ ಕೈ ಮಣ್ಣಾಗುತ್ತದೆ. ಆಷಾಢದ ಮಂಗಳವಾರಗಳಂದು ಮಣ್ಣಿನ ಗುಳ್ಳವ್ವ ಮೂಡುತ್ತಾಳೆ. ಪೂಜೆ, ಆಟ ಮುಗಿದ ಮೇಲೆ ಆ ಮಣ್ಣು ಮತ್ತೆ ಮಣ್ಣನ್ನೇ ಸೇರುತ್ತದೆ. ಇಳಕಲ್ ಸೀರೆಯೂ ಹಾಗೆಯೇ: ಉಟ್ಟು ಹಳತಾದದ್ದು ಅಜ್ಜಿಯ ಸೂಜಿಗೆ ಸಿಕ್ಕು ಕೌದಿಯಾಗುತ್ತದೆ. ಮರುಬಳಕೆ ಈ ನೆಲಕ್ಕೆ ಹೊಸ ವಿಚಾರವಲ್ಲ. ಹೊಸದಾಗಿ ಬಂದಿರುವುದು ಮಣ್ಣಿನಲ್ಲಿ ಕರಗದ, ಕೌದಿಗೂ ಒದಗದ ಪ್ಲಾಸ್ಟಿಕ್ ಹಾಳೆ.

ನಿಯಮಗಳ ದಾರಿ

ಹಸಿ, ಒಣ ಮತ್ತು ಅಪಾಯಕಾರಿ ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು. ಅದೇ ವರ್ಷ ರಾಜ್ಯವು ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಹೀರುಕೊಳವೆಗಳಿಗೆ ದೇಶದಾದ್ಯಂತ ತಡೆ ಬಿತ್ತು. ಆದರೆ ಮಕ್ಕಳ ಕೈಗೆ ಹೆಚ್ಚಾಗಿ ಸಿಗುವ ಬಿಸ್ಕತ್ತು, ಕುರುಕುಲು ತಿಂಡಿಗಳ ಪೊಟ್ಟಣ ಆ ಪಟ್ಟಿಯಲ್ಲಿಲ್ಲ. ಗುಹಾಲಯಗಳಿಗೂ ಬನಶಂಕರಿ ಜಾತ್ರೆಗೂ ಜನ ಸೇರುವ ಬಾದಾಮಿಯಂಥ ಊರಲ್ಲಿ ಇದು ಸಣ್ಣ ಕೊರತೆಯಲ್ಲ.

ಮೂರರಿಂದ ಆರರ ವಯಸ್ಸು

ಅಂಗನವಾಡಿ ವ್ಯವಸ್ಥೆ 1975ರ ಅಕ್ಟೋಬರ್ 2ರಂದು ಆರಂಭವಾದಾಗಲೇ ಪೌಷ್ಟಿಕ ಆಹಾರದ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಅದರ ಹೊಣೆಯಾಗಿತ್ತು. ಮಿದುಳಿನ ಬೆಳವಣಿಗೆಯ ಶೇ 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೆ ಆಗುತ್ತದೆ ಎನ್ನುತ್ತದೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ. 2022ರ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಆಟವನ್ನೇ ಕಲಿಕೆಯ ಮಾಧ್ಯಮವಾಗಿಸಿದೆ. ಆಕಾರ, ಬಣ್ಣಗಳನ್ನು ಗುಂಪು ಮಾಡುವುದು ಈ ವಯಸ್ಸಿನ ಸಹಜ ಆಟ. ಕಸ ಬೇರ್ಪಡಿಸುವುದನ್ನೂ ಅದೇ ಆಟವಾಗಿಸಬಹುದು. ಬಾಳೆಸಿಪ್ಪೆ, ಎಲೆ ಹಸಿರು ಬುಟ್ಟಿಗೆ. ಕಾಗದ, ಬಾಟಲಿ ನೀಲಿ ಬುಟ್ಟಿಗೆ. ಸಿಪ್ಪೆಯನ್ನು ಮಣ್ಣಿನಲ್ಲಿ ಹೂತು, ಕೆಲವು ವಾರದ ನಂತರ ತೆಗೆದು ನೋಡಿದರೆ ಗೊಬ್ಬರದ ಪಾಠ ಕಣ್ಣೆದುರಿಗೇ ಇರುತ್ತದೆ. ಪಕ್ಕದಲ್ಲೇ ಹೂತ ಪೊಟ್ಟಣ ಹಾಗೇ ಉಳಿದಿರುವುದನ್ನು ಕಂಡ ಮಗುವಿಗೆ ಬೇರೆ ವಿವರಣೆ ಬೇಕಿಲ್ಲ.

ಆಕ್ಷೇಪಗಳ ತೂಕ

ವಿರೋಧದ ಮಾತಿಗೂ ಬಲವಿದೆ. ಕಸ ಮುಟ್ಟಿದರೆ ಸೋಂಕು ತಗಲೀತು, ಸಣ್ಣ ಮುಚ್ಚಳ ಗಂಟಲಲ್ಲಿ ಸಿಕ್ಕೀತು. ಆದ್ದರಿಂದ ತೊಳೆದ, ಚೂಪಿಲ್ಲದ, ಬಾಯಿಗೆ ಹೋಗದಷ್ಟು ದೊಡ್ಡ ವಸ್ತುಗಳನ್ನಷ್ಟೇ ಆಟಕ್ಕೆ ಕೊಡಬೇಕು. ಈಗಾಗಲೇ ದಾಖಲೆ, ಆಹಾರ, ಸಮೀಕ್ಷೆಗಳ ಹೊರೆ ಹೊತ್ತ ಕಾರ್ಯಕರ್ತೆಗೆ ಮತ್ತೊಂದು ಕೆಲಸವೇ ಎಂಬ ಪ್ರಶ್ನೆಯೂ ನ್ಯಾಯವಾದದ್ದು. ಇದನ್ನು ಪ್ರತ್ಯೇಕ ಕಾರ್ಯಕ್ರಮ ಮಾಡದೆ, ಊಟದ ನಂತರದ ದಿನಚರಿಯಲ್ಲಿ ಸೇರಿಸುವುದು ಲೇಸು. ಬಾಟಲಿಗೆ ಬಣ್ಣ ಬಳಿದು ಗೊಂಬೆ ಮಾಡಿದ ಮಾತ್ರಕ್ಕೆ ಅದು ಮರುಬಳಕೆಯಾಗದು. ಗೊಂಬೆ ಮುರಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಹೇಳಬೇಕು.

ಹಿರಿಯರ ಹೊಣೆ

ಮಗು ಬೇರ್ಪಡಿಸಿದ್ದನ್ನು ಕಸದ ಗಾಡಿ ಒಂದೇ ರಾಶಿಗೆ ಸುರಿದರೆ, ಅದರಿಂದ ಮಗು ಕಲಿಯುವುದು ನಮ್ಮ ಮಾತು ಸುಳ್ಳು ಎಂಬುದನ್ನು. ಹಾಗಾಗಿ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಪಟ್ಟಣಗಳಲ್ಲಿ ಈ ಆಟ ಸಾರ್ಥಕವಾಗಲು ಎರಡು ಭಾಗವಿರುವ ಗಾಡಿ, ಗೊಬ್ಬರದ ಗುಂಡಿ, ಒಣ ಕಸ ಕೊಳ್ಳುವ ಗುಜರಿಯವರ ಸಂಪರ್ಕ ಮೊದಲು ಆಗಬೇಕು. ಪರಿಸರ ಉಳಿಸುವ ಭಾರವನ್ನು ನಾಲ್ಕು ವರ್ಷದ ಹೆಗಲಿಗೆ ಹೊರಿಸುವುದು ಸಲ್ಲದು. ಹಿರಿಯರು ನಡೆಸುವ ವ್ಯವಸ್ಥೆಯಲ್ಲಿ ಮಗುವಿಗೂ ಒಂದು ಪಾಲು ಕೊಡುವುದು ಮಾತ್ರ ಸರಿಯಾದ ಕ್ರಮ.