ಊಟಿ ದಾರಿಯ ಬಂಡೀಪುರ

ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ಹೆದ್ದಾರಿ ಬಂಡೀಪುರದ ಕಾಡನ್ನು ಸೀಳಿಕೊಂಡೇ ಸಾಗುತ್ತದೆ. ರಜೆ ಬಂತೆಂದರೆ ಊಟಿಗೆ ಹೊರಟ ಕುಟುಂಬಗಳ ಕಾರುಗಳು ಇಲ್ಲಿ ಸಾಲುಗಟ್ಟುತ್ತವೆ. ಹಂಗಳದಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಖಾಸಗಿ ವಾಹನಗಳು ತಪ್ಪಲಿನಲ್ಲೇ ನಿಲ್ಲಬೇಕು. ಮೇಲಕ್ಕೆ ಸಾರಿಗೆ ಸಂಸ್ಥೆಯ ಬಸ್ಸೇ ಗತಿ. ಸಫಾರಿಗೂ ಸ್ವಂತ ಕಾರು ಒಯ್ಯುವಂತಿಲ್ಲ.

ಪ್ರವಾಸಿಗರಿಂದ ಪ್ರಾಣಿಗಳಿಗೆ ಹೆಚ್ಚಿನ ಹಾನಿ ಆಗುವುದು ಈ ರಸ್ತೆಯಲ್ಲೇ. ಜಿಂಕೆಯ ಫೋಟೊಗೆಂದು ಒಂದು ಕಾರು ನಿಂತರೆ ಹಿಂದೆ ಹತ್ತು ನಿಲ್ಲುತ್ತವೆ, ದಾಟಲು ಬಂದ ಆನೆ ಮರಿಯೊಂದಿಗೆ ಕಂಗಾಲಾಗುತ್ತದೆ. ಚಿಪ್ಸಿನ ರುಚಿ ಹತ್ತಿದ ಕೋತಿ ರಸ್ತೆ ಬದಿ ಬಿಡದೆ ಚಕ್ರಕ್ಕೆ ಸಿಲುಕುತ್ತದೆ. ಹಾಗಾಗಿ ಕಾಡಿನೊಳಗೆ ಕಾರು ನಿಲ್ಲಿಸುವುದು, ತಿನಿಸು ಹಾಕುವುದು ಎರಡೂ ನಿಷಿದ್ಧ. ಪ್ರಾಣಿಗಳ ಸಾವು ತಡೆಯಲು 2009ರಲ್ಲಿ ಬಂದ ಸಂಚಾರ ನಿಷೇಧ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ. ಆಂಬುಲೆನ್ಸ್ ಮತ್ತು ಕೆಲವೇ ಬಸ್ಸುಗಳಿಗೆ ವಿನಾಯಿತಿ.